ನಂದು

ಸಾಗರ ರೋಡಿನ ಹೋಟೆಲಿನ ಹಿಂಬಾಗಿಲು, ಬೆಳಿಗ್ಗೆ ಹತ್ತೂವರೆ.
ಈರುಳ್ಳಿ ಸಿಪ್ಪೆ ತುಳಿದುಕೊಂಡು
ಸ್ಕೂಟರಿನಿಂದ ಐಸ್ ಡಬ್ಬಿ ಇಳಿಸುತ್ತೇನೆ.
‘ಮತ್ತೆ ಬಂದ್ರಾ ಮೇಡಂ’ ಅಂತ ಡೆನ್ಜಿಲ್ ಮಾಸ್ಟರು
ಕೈ ಒರೆಸುತ್ತಾ ಬರುತ್ತಾರೆ. ಹಿಂದೆಯೇ ಓನರ್ ಪೌಲೋಸ್,
ಕಿವಿಯ ಮೇಲೊಂದು ಪೆನ್ಸಿಲ್.

ಮೊದಲು ಕಾಗದ ತೋರಿಸಬೇಕು. ತೋರಿಸುತ್ತೇನೆ:
ಎಮ್ಮೆ, ಹದಿಮೂರು ದಾಟಿದ್ದು,
ಡಾಕ್ಟರ ಸಹಿ, ಸೀಲು, ತಾರೀಖು.
ಪೌಲೋಸ್ ಎರಡು ಸಲ ಓದುತ್ತಾರೆ.
ಈಗೀಗ ಎಲ್ಲರೂ ಎರಡು ಸಲ ಓದುತ್ತಾರೆ.

ಆಮೇಲೆ ಚಾರ್ಟು. ಸುರುಳಿ ಬಿಚ್ಚಿ
ನಾಲ್ಕು ಮೂಲೆಗೆ ನಾಲ್ಕು ಉಪ್ಪಿನ ಡಬ್ಬಿ ಇಟ್ಟೆ.
ಬಣ್ಣ ಬಣ್ಣದ ಎಮ್ಮೆ, ಭಾರತದ ನಕಾಶೆಯ ಹಾಗೆ.
‘ನಿಮ್ಮ ಮೆನುವಿನಲ್ಲಿ ಇದೆಲ್ಲಾ ಒಂದೇ ಊರು ಸಾರ್.
ಚಿಲ್ಲಿ, ಫ್ರೈ, ಪೆಪ್ಪರ್, ಮಸಾಲಾ,
ಒಂದೇ ಮಾಂಸ, ನಾಲ್ಕು ಅಂಗಿ.
ಅಂಗಿ ಬಿಚ್ಚಿ ನೋಡೋಣ.’

ಭುಜದ ಹಲಗೆಯ ಮೇಲಿನದ್ದು ತೋರಿಸಿದೆ.
ನಡುವೆ ಒಂದು ನರ, ಅದನ್ನು ಸೀಳಿ ತೆಗೆದರೆ
ಮುದಿ ಎಮ್ಮೆಯೂ ಹಲ್ಲಿಲ್ಲದವರ ಬಾಯಿಗೆ ಆಗುತ್ತದೆ.
ಎದೆಯ ತುಂಡು: ರಾತ್ರಿಯಿಡೀ ಸಣ್ಣ ಉರಿ,
ನಿಮ್ಮ ಗ್ಯಾಸಿನ ಲೆಕ್ಕ ನಿಮಗೆ ಬಿಟ್ಟಿದ್ದು.
ಕುತ್ತಿಗೆ: ಯಾರೂ ಕೇಳುವುದಿಲ್ಲ, ಅದಕ್ಕೇ ಅಗ್ಗ.
ಡೆನ್ಜಿಲ್ ಒತ್ತಿ ನೋಡಿದರು, ಮೂಸಿದರು,
ಏನೂ ಹೇಳಲಿಲ್ಲ.

ಕೊನೆಗೆ ತಳದಲ್ಲಿದ್ದ ಪೊಟ್ಟಣ ತೆಗೆದೆ.
ತೆಗೆಯಬಾರದಿತ್ತು ಅಂತ ಆಗಲೇ ಅನಿಸಿತ್ತು.
ಕೆಂಪಿಗಿಂತ ಕಪ್ಪು, ಅಂಗೈಗಿಂತ ಉದ್ದ,
ಒಳಗೆ, ಉಸಿರಿನ ಪಕ್ಕದಲ್ಲಿ
ತೂಗುಬಿದ್ದಿರುತ್ತದೆ ಇದು. ನೇಗಿಲು ಎಳೆಯುವುದಿಲ್ಲ,
ಮೈ ಹೊರುವುದಿಲ್ಲ. ಸುಮ್ಮನೆ ಹದಿಮೂರು ವರ್ಷ
ಉಸಿರು ಹೋಗಿ ಬರುವುದನ್ನು ಕೇಳುತ್ತಿರುತ್ತದೆ.

ಮಾಸ್ಟರು ಕಾದ ಕಾವಲಿಗೆ ಹಾಕಿದರು.
ಬರೀ ಉಪ್ಪು, ಕಾಳುಮೆಣಸು. ಒಂದು ಬದಿ, ಇನ್ನೊಂದು ಬದಿ.
ಅಡುಗೆಮನೆಯ ಹುಡುಗರು ಪಾತ್ರೆ ಉಜ್ಜುವುದು ನಿಲ್ಲಿಸಿದರು.
‘ಇದು,’ ಅಂದರು ಡೆನ್ಜಿಲ್, ಬಾಯಿ ತುಂಬಿತ್ತು,
‘ದಿನಾ ಹತ್ತು ಕೇಜಿ.’

ಒಂದು ಎಮ್ಮೆಗೆ ಒಂದೇ ಸಾರ್.
ಮುಕ್ಕಾಲು ಕೇಜಿ ಬಂದರೆ ಪುಣ್ಯ.

ಪೌಲೋಸ್ ಪೆನ್ಸಿಲ್ ಕೆಳಗಿಳಿಸಿ ಗುಣಿಸಿದರು, ಭಾಗಿಸಿದರು,
ಮೆನುವಿನ ಅಂಚಿನಲ್ಲೇ.
‘ವಾರಕ್ಕೊಮ್ಮೆ ಹಾಕೋಣ. ಶುಕ್ರವಾರ.
ಹೆಸರೇನು ಇದಕ್ಕೆ?’

ಕಂಪನಿಯವರು ಇಂಗ್ಲಿಷಿನಲ್ಲಿ ಒಂದು ಕೊಟ್ಟಿದ್ದಾರೆ.
ನಾಲಿಗೆಗೆ ಬಂದದ್ದು ಅದಲ್ಲ.

ಹಳೇ ಸೇತುವೆ ಹತ್ತಿರ ಅಬ್ಬಾನ ಅಂಗಡಿ.
ಹುಣಸೆ ಕೊರಡು, ಎರಡು ಕತ್ತಿ, ತೂಕದ ಬಟ್ಟು.
ತೊಡೆ ಒಬ್ಬರಿಗೆ, ಪಕ್ಕೆ ಒಬ್ಬರಿಗೆ, ನಲ್ಲಿ ಮೂಳೆ
ಬಾಣಂತಿ ಇರುವ ಮನೆಗೆ ದುಡ್ಡಿಲ್ಲದೆ.
ಇದೊಂದನ್ನು ಮಾತ್ರ ಮುತ್ತುಗದೆಲೆಯಲ್ಲಿ ಸುತ್ತಿ
ತಕ್ಕಡಿಯ ಹಿಂದೆ ಇಡುತ್ತಿದ್ದ.
ಯಾರಾದರೂ ಬೆರಳು ತೋರಿಸಿದರೆ
ಮನೆಯಲ್ಲಿ ಎಂದೂ ಆಡದ ಕನ್ನಡದಲ್ಲಿ
‘ಅದು ನಂದು’ ಅನ್ನುತ್ತಿದ್ದ.
ಅಷ್ಟೇ ಅದಕ್ಕೆ ಇದ್ದ ಹೆಸರು.
ರಾತ್ರಿ ಅಮ್ಮಿ ಹುರಿಯುತ್ತಿದ್ದಳು,
ಐದು ಜನಕ್ಕೆ ಐದು ಚೂರು,
ಅಬ್ಬಾನದ್ದು ಯಾವಾಗಲೂ ತುದಿಯದ್ದು, ಸುಟ್ಟದ್ದು.

‘ನಂದು,’ ಅಂದೆ.
ಪೌಲೋಸ್ ಬರೆದುಕೊಂಡರು. ನಂದು ಫ್ರೈ, ಇನ್ನೂರ ನಲವತ್ತು.
‘ಹೆಸರು ಚೆನ್ನಾಗಿದೆ, ಸಣ್ಣದು. ಯಾವ ಭಾಷೆ?’

ಮೂರನೇ ಶುಕ್ರವಾರ ಅಮ್ಮಿಯನ್ನು ಕರೆದುಕೊಂಡು ಹೋದೆ,
ಗಿರಾಕಿಯ ಹಾಗೆ, ಮುಂಬಾಗಿಲಿನಿಂದ.
ಅವಳಿಗೆ ಮೆನು ಓದಲು ಬರುವುದಿಲ್ಲ,
ಬೆಲೆಗಳ ಮೇಲೆ ಬೆರಳಾಡಿಸಿ ಗಾಬರಿಯಾದಳು.
ಸಪ್ಲೈಯರ್ ಹುಡುಗ ಒಳಗೆ ಕೂಗಿದ:
‘ಟೇಬಲ್ ನಾಲ್ಕು, ಎರಡು ನಂದು!’
ಅಮ್ಮಿ ತಲೆ ಎತ್ತಿದಳು.
ಒಳಗಿನಿಂದ ಡೆನ್ಜಿಲ್ ದನಿ:
‘ನಂದು ಮುಗೀತು.’

ಆಮೇಲೆ ಭುಜದ್ದು ಹೇಳಿದೆವು.
ಮೆತ್ತಗಿತ್ತು. ಅಮ್ಮಿ ಪೂರ್ತಿ ತಿಂದಳು,
ತುದಿಯಲ್ಲಿ ಸುಟ್ಟದ್ದೊಂದನ್ನು
ತಟ್ಟೆಯ ಆಚೆ ಬದಿಗೆ ಸರಿಸಿ.